ಗಡಿ ದಾಟಿ ಬರುತ್ತಿದ್ದ ಪಂಚಮಿ

ಕುಷ್ಟಗಿ ತಾಲೂಕಿನ ನಮ್ಮ ಊರಿಗೆ ಸ್ವಾತಂತ್ರ್ಯ ಬಂದದ್ದು 1948ರ ಸೆಪ್ಟೆಂಬರ್ 17ರಂದು. ದೇಶಕ್ಕೆ ಬಂದು ಆಗಲೇ ಹದಿಮೂರು ತಿಂಗಳಾಗಿತ್ತು. ಒಂದು ಹಗಲಿನ ಗಾಡಿ ದಾರಿಯ ಆಚೆಗಿದ್ದ ಗಜೇಂದ್ರಗಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ 1947ರ ಆಗಸ್ಟ್ 15ಕ್ಕೇ ಬಾವುಟ ಏರಿತು. ನಮ್ಮದು ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆ. ಎರಡೂ ಕಡೆ ಒಂದೇ ಎರೆ ಭೂಮಿ, ಒಂದೇ ಜೋಳದ ರೊಟ್ಟಿ, ಒಂದೇ ಮಾತು. ನನ್ನ ಅವ್ವನ ತವರು ಗಜೇಂದ್ರಗಡ, ಕೊಟ್ಟ ಮನೆ ಈ ಊರು. ಆದ್ದರಿಂದ ನಮ್ಮ ಮನೆಯಲ್ಲಿ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಪಂಚಮಿಯ ಮಾತೂ ಬರುತ್ತಿತ್ತು. ಅವ್ವ ಎರಡನ್ನೂ ಬೇರೆ ಮಾಡಿ ಹೇಳಿದ್ದು ನನಗೆ ನೆನಪಿಲ್ಲ.

ನಾನು ಹುಟ್ಟಿದ್ದು 1951ರಲ್ಲಿ. ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತಳಾದೆ. ಈಗ ಅವ್ವ ಅಪ್ಪ ಬಾಳಿದ ಮಾಳಿಗೆ ಮನೆಯಲ್ಲೇ ಇದ್ದೇನೆ. ಶಾಲೆಯ ಪುಸ್ತಕದಲ್ಲಿ ಸ್ವಾತಂತ್ರ್ಯ ಚಳವಳಿಯ ಪಾಠ ಮಾಡುವಾಗ ನಮ್ಮ ಭಾಗಕ್ಕೆ ಸಿಗುತ್ತಿದ್ದ ಸಾಲುಗಳು ಬಹಳ ಕಡಿಮೆ. ಆ ಕೊರತೆಯನ್ನು ಅವ್ವ ಹೇಳಿದ್ದರಿಂದ ತುಂಬಿ ಮಕ್ಕಳಿಗೆ ಹೇಳುತ್ತಿದ್ದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಗಡಿ ಅಂದರೆ ನಮ್ಮವರಿಗೆ ಕರೋಡಗಿರಿ ನಾಕಾ. ನಿಜಾಮರ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಸಂಸ್ಥಾನದೊಳಗೆ ಬರುವ ಸರಕಿಗೂ ಹೊರಗೆ ಹೋಗುವ ಸರಕಿಗೂ ಅಲ್ಲಿ ಸುಂಕ ಕಟ್ಟಬೇಕು. ನಾಕಾದ ಆಚೆ ಬ್ರಿಟಿಷರ ರೂಪಾಯಿ, ಅದಕ್ಕೆ ಕಲದಾರ ಅನ್ನುತ್ತಿದ್ದರು. ಈಚೆ ನಿಜಾಮರ ಹಾಲಿ ಸಿಕ್ಕಾ. ನೂರು ಕಲದಾರ ಬೇಕಿದ್ದರೆ ನೂರಾ ಹದಿನಾರಕ್ಕೂ ಮಿಕ್ಕಿ ಹಾಲಿ ಕೊಡಬೇಕಿತ್ತು. ಸಂಸ್ಥಾನಕ್ಕೆ ತನ್ನದೇ ಅಂಚೆ ಚೀಟಿ, ತನ್ನದೇ ರೈಲು, ತನ್ನದೇ ಫಸಲಿ ವರ್ಷ. ಕಚೇರಿಯ ಭಾಷೆ ಉರ್ದು. 1880ರ ದಶಕದಲ್ಲಿ ಪಾರ್ಸಿಯ ಜಾಗಕ್ಕೆ ಅದು ಬಂದಿತ್ತು. ಹೊಲದ ಕಾಗದ ಓದಿಸಲು ನನ್ನ ಅಜ್ಜ ಪಟವಾರಿಯ ಮನೆಗೆ ಹೋಗಿ ಕಟ್ಟೆಯ ಮೇಲೆ ಕಾಯುತ್ತಿದ್ದ. ಕನ್ನಡ ಕಲಿಯಬೇಕೆಂದರೆ ಕುಕನೂರಿನ ವಿದ್ಯಾನಂದ ಗುರುಕುಲ, ರಾಯಚೂರಿನ ಹಮದರ್ದ್ ಶಾಲೆ, ಕಲಬುರಗಿಯ ನೂತನ ವಿದ್ಯಾಲಯ ಹೀಗೆ ಬೆರಳೆಣಿಕೆಯ ಕಡೆ ಹೋಗಬೇಕು. ಅಪ್ಪ ಕನ್ನಡ ಅಕ್ಷರ ಕಲಿತದ್ದು ಮಠದ ಐಗಳ ಹತ್ತಿರ, ಉಸುಕಿನ ಮೇಲೆ ಬೆರಳಿಂದ ತಿದ್ದಿ.

ಇಷ್ಟೆಲ್ಲ ಬೇರೆ ಇದ್ದರೂ ಬೀಗತನಕ್ಕೆ ಗಡಿ ಇರಲಿಲ್ಲ. ಕುಷ್ಟಗಿ, ಹನಮಸಾಗರದ ಕಡೆಯವರು ಗಜೇಂದ್ರಗಡ, ರೋಣ, ಇಳಕಲ್ಲಿನಿಂದ ಹೆಣ್ಣು ತರುತ್ತಿದ್ದರು. ನಮ್ಮ ಹೆಣ್ಣುಮಕ್ಕಳನ್ನು ಅಲ್ಲಿಗೆ ಕೊಡುತ್ತಿದ್ದರು. ಎರಡು ಸರಕಾರಗಳ ನಡುವಿನ ಆ ಗೆರೆಯನ್ನು ವರ್ಷವರ್ಷ ತಪ್ಪದೆ ದಾಟಿದವರು ಯಾರೆಂದು ಕೇಳಿದರೆ ನಾನು ವ್ಯಾಪಾರಿಗಳ ಹೆಸರಿಗಿಂತ ಮೊದಲು ಪಂಚಮಿಗೆ ತವರಿಗೆ ಹೊರಟ ಹೆಣ್ಣುಮಕ್ಕಳ ಹೆಸರು ಹೇಳುತ್ತೇನೆ.

ಉತ್ತರ ಕರ್ನಾಟಕದವರಿಗೆ ನಾಗರ ಪಂಚಮಿ ಏನೆಂದು ಹೇಳಿಕೊಡಬೇಕಿಲ್ಲ. ಶ್ರಾವಣ ಹುಟ್ಟುತ್ತಲೇ ಅಣ್ಣನೋ ತಮ್ಮನೋ ಗಾಡಿ ಹೂಡಿಕೊಂಡು ಕರೆಯಲು ಬರಬೇಕು. ಕರೆಯಲು ಬಾರದೆ ತಾನಾಗಿ ಹೋಗುವುದು ಹೆಣ್ಣಿಗೆ ಕೀಳು. ತವರಿನಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಿಕಿ ಉಂಡಿ, ತಂಬಿಟ್ಟು ಕಟ್ಟಿಟ್ಟಿರುತ್ತಾರೆ. ಜೋಳದ ಅಳ್ಳು ಹುರಿದಿರುತ್ತಾರೆ. ಬೇವಿನ ಗಿಡಕ್ಕೆ ಜೋಕಾಲಿ. ಗಂಡುಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುತ್ತ ಓಣಿ ತುಂಬ ಓಡಾಡುತ್ತಾರೆ. ಹುತ್ತಕ್ಕೆ ಹಾಲೆರೆಯುವಾಗ ಮನೆಮಂದಿಯ ಒಬ್ಬೊಬ್ಬರ ಹೆಸರನ್ನೂ ಹೇಳಿ ಅವರವರ ಪಾಲು ಎಂದು ಎರೆಯುತ್ತಾರೆ. ದೂರ ಇದ್ದವರಿಗೂ ಪಾಲುಂಟು. ಹಬ್ಬ ಮುಗಿಸಿ ಹಿಂದಿರುಗುವಾಗ ಬುಟ್ಟಿ ತುಂಬ ಉಂಡಿ, ಒಂದು ಕುಬಸದ ಕಣ. ನಾಕಾದ ಸಿಪಾಯಿ ಆ ಬುಟ್ಟಿ ಬಿಚ್ಚಿಸಿ ನೋಡುತ್ತಿದ್ದ. ಹೊಸ ಸೀರೆ ಕಂಡರೆ ಸುಂಕ ಕೇಳುತ್ತಿದ್ದ. ಅದಕ್ಕೇ ತವರಿನಲ್ಲಿ ಕೊಟ್ಟ ಸೀರೆಯನ್ನು ಅವ್ವ ಒಮ್ಮೆ ನೀರಿಗೆ ಹಾಕಿ, ಉಟ್ಟು, ಹಳೆಯದು ಮಾಡಿಕೊಂಡೇ ಗಾಡಿ ಹತ್ತುತ್ತಿದ್ದಳು.

1947ರಲ್ಲಿ ಅಧಿಕ ಶ್ರಾವಣ ಬಂತು. ಅವ್ವನ ಮದುವೆಯಾದ ಮೇಲಿನ ಮೊದಲ ಅಧಿಕ ಮಾಸ ಅದು. ಮಗಳು ಅಳಿಯನನ್ನು ಕರೆಸಿ ಉಣ್ಣಿಸಿ ಬಟ್ಟೆ ಕೊಡುವ ರೂಢಿ ನಮ್ಮ ಕಡೆ ಉಂಟು. ಹಾಗಾಗಿ ಸೋದರಮಾವ ಆ ವರ್ಷ ಬೇಗನೇ ಬಂದು ಅವ್ವನನ್ನು ಕರೆದೊಯ್ದ. ಅಧಿಕ ಮಾಸ ಮುಗಿಯುವ ಹಿಂದಿನ ದಿನವೇ ಆಗಸ್ಟ್ 15. ನಿಜ ಶ್ರಾವಣದ ಪಂಚಮಿ ಬಿದ್ದದ್ದು ಅದರ ಮುಂದಿನ ವಾರ. ದೇಶದ ಹಬ್ಬ, ಮನೆಯ ಹಬ್ಬ ಎರಡನ್ನೂ ಅವ್ವ ತವರಿನಲ್ಲೇ ಕಂಡಳು. ಸಾಲಿಗುಡಿಯ ಮುಂದೆ ಬಾವುಟ ಏರಿಸಿದ್ದು, ಹುಡುಗರಿಗೆ ಸಕ್ಕರೆ ಹಂಚಿದ್ದು, ಬೆಟ್ಟದ ಕಾಲಕಾಲೇಶ್ವರನಿಗೆ ಹೋಗಿ ಕಾಯಿ ಒಡೆಸಿ ಬಂದದ್ದು ಅವಳಿಗೆ ಕೊನೆಯವರೆಗೂ ನೆನಪಿತ್ತು.

ಅದೇ ದಿನ ಈಚೆ ಏನಾಗಿತ್ತೆಂದು ಅವಳಿಗೆ ತಿಳಿದದ್ದು ಆಮೇಲೆ. ಬ್ರಿಟಿಷರು ಹೋದ ಮೇಲೆ ತಾವು ಸ್ವತಂತ್ರ ರಾಜರಾಗಿ ಉಳಿಯುತ್ತೇವೆಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಜೂನ್ ತಿಂಗಳಲ್ಲೇ ಫರ್ಮಾನು ಹೊರಡಿಸಿದ್ದರು. ಒಕ್ಕೂಟ ಸೇರಬೇಕೆಂದು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಆಗಸ್ಟ್ 7ರಿಂದ ಚಳವಳಿ ಹೂಡಿತ್ತು. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು. ಇಡೀ ದೇಶ ಬಾವುಟ ಏರಿಸುತ್ತಿದ್ದ ಆಗಸ್ಟ್ 15ರಂದೇ ಅವರನ್ನು ಬಂಧಿಸಿದರು. ಸಂಸ್ಥಾನದಲ್ಲಿ ತ್ರಿವರ್ಣ ಧ್ವಜ ಹಿಡಿಯುವುದು ಅಪರಾಧ.

ಪಂಚಮಿ ಮುಗಿಸಿ ಅವ್ವನನ್ನು ಗಾಡಿ ಹತ್ತಿಸುವಾಗ ಸೋದರಮಾವ ಹೇಳಿದ್ದಿಷ್ಟು: "ತಂಗೀ, ನಾಕಾದಾಗ ಯಾರರ ಕೇಳಿದ್ರ ಪಂಚಮಿ ಮಾಡಿ ಬಂದ್ವಿ ಅನ್ನು. ಸಾಲಿಗುಡಿ ಮುಂದ ಏನ್ ನೋಡಿದ್ವಿ ಅನ್ನೂದು ಬಾಯಿ ಬಿಡಬ್ಯಾಡ." ಅವ್ವ ಹಾಗೇ ಮಾಡಿದಳು. ಅತ್ತೆಯ ಮನೆಯಲ್ಲೂ ಅಡುಗೆಮನೆಯ ಒಳಗಷ್ಟೇ, ಒಲೆಯ ಮುಂದೆ ಕುಳಿತು, ನೆಗೆಣ್ಣಿಯರಿಗೆ ಹೇಳಿದಳಂತೆ. ತಾನು ಕಣ್ಣಾರೆ ಕಂಡ ಸ್ವಾತಂತ್ರ್ಯವನ್ನು ತನ್ನ ಮನೆಯ ಅಂಗಳದಲ್ಲಿ ನಿಂತು ಹೇಳಲು ಆಗಲಿಲ್ಲ ಎಂಬ ನೋವು ಅವಳಿಗೆ ಕಡೆಯತನಕ ಇತ್ತು. ಪರಾಧೀನತೆ ಅಂದರೆ ಏನೆಂದು ನನಗೆ ತಿಳಿಸಿಕೊಟ್ಟದ್ದು ಅವಳ ಈ ಮಾತು.

1947ರ ನವೆಂಬರ್ 29ರಂದು ದೆಹಲಿಗೂ ಹೈದರಾಬಾದಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಕಾಗದದ ಮೇಲೆ ಯಥಾಸ್ಥಿತಿ, ಊರುಗಳಲ್ಲಿ ದಿನಕ್ಕೊಂದು ಹೆದರಿಕೆ. ಲಾತೂರಿನ ವಕೀಲ ಕಾಸಿಂ ರಜ್ವಿಯ ಮುಂದಾಳುತನದಲ್ಲಿ, ನಿಜಾಮರ ಪರ ನಿಂತ ರಜಾಕಾರರ ದಂಡು ಬೆಳೆಯಿತು. ಒಂದು ಕಡೆ ಸರಕಾರದ ಲೆವಿ ಜೋಳದ ಕಾಟ, ಇನ್ನೊಂದು ಕಡೆ ರಜಾಕಾರರ ಲೂಟಿ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡವೇ ಆಯಿತು. ಅದರ ಸುದ್ದಿ ಬಾಯಿಂದ ಬಾಯಿಗೆ ಬಂದು ಮುಟ್ಟಿದಾಗ ನಮ್ಮ ಕಡೆಯ ಊರೂರೇ ಗುಳೆ ಎದ್ದವು.

ಗಡಿಯ ಆಚೆ ಶಿಬಿರಗಳು ಎದ್ದಿದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ನಮ್ಮ ತಾಲೂಕುಗಳ ತರುಣರು ಅಲ್ಲಿ ಸೇರಿ ರಾತ್ರಿ ಹೊತ್ತು ಗಡಿ ದಾಟಿ ಬಂದು ಕರೋಡಗಿರಿ ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬೀಳುತ್ತಿದ್ದರು. ಸರಕಾರದ ಅಬಕಾರಿ ಹುಟ್ಟುವಳಿ ನಿಲ್ಲಲೆಂದು ಈಚಲ ಗಿಡ ಕಡಿಯುತ್ತಿದ್ದರು. ಅವ್ವನ ಬುಟ್ಟಿ ಬಿಚ್ಚಿಸಿದ್ದ ನಾಕಾದ ಕೋಣೆಗೂ ಒಂದು ರಾತ್ರಿ ಬೆಂಕಿ ಬಿತ್ತು.

ಅಜ್ಜ ಮನೆಯ ಹೆಂಗಸರು ಮಕ್ಕಳನ್ನೆಲ್ಲ ಗಜೇಂದ್ರಗಡಕ್ಕೆ, ಬೀಗರ ಮನೆಗೆ ಕಳಿಸಿದ. ಅತ್ತೆ, ನೆಗೆಣ್ಣಿಯರು, ಅವರ ಕೂಸುಗಳು ಎಲ್ಲರೂ ಸೊಸೆಯ ತವರಿನಲ್ಲಿ. ಬೀಗತಿ ಬೀಗತಿಯರು ಒಂದೇ ಒಲೆಯ ಮುಂದೆ ತಿಂಗಳುಗಟ್ಟಲೆ ಕುಳಿತರು. ಆ ಮನೆಯಲ್ಲಿ ದಿನಾ ಎರಡು ಹೊತ್ತು ಶಿಬಿರದವರಿಗೆಂದು ರೊಟ್ಟಿ ಬಡಿಯುತ್ತಿದ್ದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಗಂಟು ಕಟ್ಟಿ ಹುಡುಗರ ಕೈಲಿ ಕಳಿಸುತ್ತಿದ್ದರು. ಶಿಬಿರದಲ್ಲಿದ್ದವರ ಹೆಸರುಗಳು ಪಟ್ಟಿಯಲ್ಲಿ ಬಂದವು, ಕೆಲವರಿಗೆ ಮುಂದೆ ಮಾಸಾಶನವೂ ಬಂತು, ಬರಬೇಕಾದ್ದೇ. ರೊಟ್ಟಿ ಬಡಿದ ಕೈಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಹಿಟ್ಟು, ಕಟ್ಟಿಗೆ, ನಿದ್ದೆಗೆಟ್ಟ ರಾತ್ರಿ ಇವೆಲ್ಲ ಹೋರಾಟದ ಲೆಕ್ಕಕ್ಕೆ ಸೇರಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

1948ರ ಪಂಚಮಿ ಆಗಸ್ಟ್ ಎರಡನೇ ವಾರದಲ್ಲಿ ಬಂತು. ಯಾರೂ ಕರೆಯಲು ಹೋಗಲಿಲ್ಲ, ಅವ್ವ ಆಗಲೇ ತವರಿನಲ್ಲಿದ್ದಳು. ಹಾಲೆರೆಯುವಾಗ ಗಡಿಯಾಚೆ ಹೊಲಮನೆ ಕಾಯುತ್ತ ಉಳಿದ ಅಜ್ಜನ ಪಾಲು, ಅಪ್ಪನ ಪಾಲು ಎಂದು ಹೆಸರು ಹೇಳಿದಳು. ಜೋಕಾಲಿ ಕಟ್ಟಲಿಲ್ಲ.

ಊರಲ್ಲಿ ಉಳಿದ ಅಜ್ಜನಿಗೆ ಆಸರೆಯಾದವರು ಪಕ್ಕದ ಪಿಂಜಾರರ ಮನೆಯವರು. ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರು, ಮನೆಮಾತು ನಮ್ಮದೇ ಕನ್ನಡ. ಅಜ್ಜ, ಅಪ್ಪ ಹೊಲದ ಗುಡಿಸಲಲ್ಲಿ ಅಡಗಿದ್ದ ದಿನಗಳಲ್ಲಿ ನಮ್ಮ ದನಗಳಿಗೆ ಮೇವು ನೀರು ಹಾಕಿದವನು ಆ ಮನೆಯ ಹಿರಿಯ. ಹಗೇವಿನಲ್ಲಿ ಜೋಳ ಇರುವುದು ಗೊತ್ತಿದ್ದೂ ಕೇಳಿದವರಿಗೆ ಹೇಳಲಿಲ್ಲ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಬಂತು. ಮುಖ್ಯ ದಂಡು ಸೊಲ್ಲಾಪುರದ ಕಡೆಯಿಂದ, ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನಾಯಕತ್ವದಲ್ಲಿ ಬಂತು. ಹೊಸಪೇಟೆಯ ಕಡೆಯಿಂದಲೂ ಒಂದು ತುಕಡಿ ತುಂಗಭದ್ರೆಯತ್ತ ಸರಿಯಿತು. ಐದನೇ ದಿನ, 17ರ ಸಂಜೆ, ನಿಜಾಮರು ಯುದ್ಧ ನಿಲ್ಲಿಸಿದ್ದಾಗಿ ರೇಡಿಯೋದಲ್ಲಿ ಹೇಳಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಶರಣಾದ. ಗಜೇಂದ್ರಗಡದಲ್ಲಿ ಪಟಾಕಿ ಹಾರಿಸಿದರು. ಕೆಲವೇ ದಿನಗಳಲ್ಲಿ ಅವ್ವ, ಅತ್ತೆ, ನೆಗೆಣ್ಣಿಯರು ಸಾಮಾನು ಹೇರಿಕೊಂಡು ಊರಿಗೆ ಬಂದರು. ನಾಕಾದಲ್ಲಿ ಗಾಡಿ ತಡೆಯುವವರು ಯಾರೂ ಇರಲಿಲ್ಲ.

ಇಷ್ಟಕ್ಕೆ ಕಥೆ ನಿಲ್ಲಿಸಿದರೆ ಅದು ಅರ್ಧ ಸತ್ಯ. ಸಂಸ್ಥಾನ ಬಿದ್ದ ಮುಂದಿನ ವಾರಗಳಲ್ಲಿ, ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದ ಮುಸಲ್ಮಾನರು ಬೆಲೆ ತೆತ್ತರು. ಪ್ರಧಾನಿ ನೆಹರೂ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಆ ವರ್ಷದ ಕೊನೆಯಲ್ಲಿ ಜಿಲ್ಲೆ ಜಿಲ್ಲೆ ತಿರುಗಿ, ಕಡಿಮೆಯೆಂದರೆ 27,000ದಿಂದ 40,000 ಜನ ಸತ್ತಿರಬಹುದು ಎಂದು ವರದಿ ಕೊಟ್ಟಿತು. ಉಸ್ಮಾನಾಬಾದ್, ನಾಂದೇಡ್, ಕಲಬುರಗಿ, ಬೀದರ ಜಿಲ್ಲೆಗಳ ಪಾಡು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ಸಾರ್ವಜನಿಕರಿಗೆ ನೋಡಲು ಸಿಕ್ಕದ್ದು 2013ರಲ್ಲಿ. ನಮ್ಮ ಭಾಗದಲ್ಲಿ ಆ ಪ್ರಮಾಣದ ಕೊಲೆ ಆಗಲಿಲ್ಲ. ಆದರೆ ನಮ್ಮ ದನ ಕಾಯ್ದ ಆ ಪಿಂಜಾರ ಹೆಂಡಿರು ಮಕ್ಕಳ ಸಮೇತ ಊರು ಬಿಟ್ಟು ಹಳ್ಳದ ಜೇಕಿನಲ್ಲಿ ಅಡಗಿದ. ಅಜ್ಜ ಹೋಗಿ ಕರೆತರುವಷ್ಟರಲ್ಲಿ ಯಾರೋ ಅವನ ಮನೆ ಹೊಕ್ಕು ಹತ್ತಿ ಹಿಂಜುವ ಬಿಲ್ಲನ್ನು ಮುರಿದು ಒಲೆಗೆ ಹಾಕಿದ್ದರು. ಹೊಸ ಬಿಲ್ಲಿಗೆ ಅಜ್ಜ ಕಟ್ಟಿಗೆ ಕೊಟ್ಟ. "ಕೊಟ್ಟದ್ದು ದೊಡ್ಡದಲ್ಲವ್ವಾ. ಮುರಿದಾಂವ ನಮ್ಮ ಓಣಿಯಾಂವನ ಇದ್ದ. ಅಂವನ್ನ ಯಾರೂ ಕೇಳಲಿಲ್ಲ," ಎನ್ನುತ್ತಿದ್ದಳು ಅವ್ವ. ನಾನು ಶಾಲೆಯಲ್ಲಿ ಗೋರಟಾವನ್ನು ಹೇಳಿದ ದಿನವೇ ಈ ಬಿಲ್ಲಿನ ಕಥೆಯನ್ನೂ ಹೇಳುತ್ತಿದ್ದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಮಕ್ಕಳ ಕೈಗೆ ಕೊಡುವುದು ಇತಿಹಾಸ ಆಗುವುದಿಲ್ಲ, ಹಗೆ ಆಗುತ್ತದೆ.

ಸೆಪ್ಟೆಂಬರ್ 17ರ ನಂತರವೂ ಗಡಿ ಒಂದೇ ದಿನಕ್ಕೆ ಅಳಿಯಲಿಲ್ಲ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಹೈದರಾಬಾದ್ ಒಂದು ರಾಜ್ಯವಾಯಿತು, ನಿಜಾಮರು ರಾಜಪ್ರಮುಖರಾದರು. ಹಾಲಿ ಸಿಕ್ಕಾ ಆ ದಶಕದಲ್ಲಿ ಹಂತ ಹಂತವಾಗಿ ಚಲಾವಣೆಯಿಂದ ಹೋಯಿತು. 1952ರ ಮೊದಲ ಚುನಾವಣೆಯಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಗೆದ್ದವರು ಮುಂಡರಗಿ ಶಿಬಿರದ ಅದೇ ಶಿವಮೂರ್ತಿಸ್ವಾಮಿಗಳು, ಪಕ್ಷೇತರರಾಗಿ. ಅವ್ವ ನನ್ನನ್ನು ಬಗಲಲ್ಲಿ ಎತ್ತಿಕೊಂಡೇ ಓಟು ಹಾಕಿ ಬಂದಳಂತೆ. 1956ರ ನವೆಂಬರ್ 1ರಂದು ರಾಯಚೂರು, ಕಲಬುರಗಿ, ಬೀದರ ಮೈಸೂರು ರಾಜ್ಯಕ್ಕೆ ಸೇರಿದವು. ಧಾರವಾಡ ಜಿಲ್ಲೆಯೂ ಸೇರಿತು. ಅಂದಿನಿಂದ ಅವ್ವನ ತವರು, ಕೊಟ್ಟ ಮನೆ ಎರಡೂ ಒಂದೇ ಸರಕಾರದ ಕೆಳಗೆ. ಮುಂದೆ 1997ರಲ್ಲಿ ಜಿಲ್ಲೆಗಳು ಒಡೆದಾಗ ಇದು ಕೊಪ್ಪಳ, ಅದು ಗದಗ ಆಯಿತು.

ನನ್ನ ಬಾಲ್ಯದ ಪಂಚಮಿ ಆ ಏಕೀಕರಣದ ನಂತರದ್ದು. ಗಾಡಿಯಲ್ಲಿ ಅವ್ವನ ತೊಡೆಯ ಮೇಲೆ ಕುಳಿತು ಹೋಗುವಾಗ ಒಂದು ಕಡೆ ಗೋಡೆ ಬಿದ್ದ ಕೋಣೆ ಕಾಣುತ್ತಿತ್ತು. ಅವ್ವ ಪ್ರತಿ ವರ್ಷ ಅದನ್ನು ತೋರಿಸಿ, ಇಲ್ಲಿ ನಮ್ಮ ಬುಟ್ಟಿ ಬಿಚ್ಚಸ್ತಿದ್ರು, ಎನ್ನುತ್ತಿದ್ದಳು. ಆಮೇಲೆ ಗಜೇಂದ್ರಗಡಕ್ಕೆ ಹೊಸ ಸೀರೆ ಉಟ್ಟೇ ಹೋಗಿ, ಹೊಸ ಸೀರೆ ಉಟ್ಟೇ ಬರುತ್ತಿದ್ದಳು. ಸ್ವತಂತ್ರ ದೇಶದ ಹೆಣ್ಣುಮಗಳಿಗೆ ಅದು ಸಣ್ಣ ಗಳಿಕೆಯಲ್ಲ.

ಈಗ ಪಂಚಮಿಗೆ ನಮ್ಮ ಮನೆಗೆ ಯಾರೂ ಬರುವುದಿಲ್ಲ. ಮಗಳು ಪುಣೆಯಲ್ಲಿ, ಮಗ ಬೆಂಗಳೂರಿನಲ್ಲಿ. ಅವರ ಕಚೇರಿಗಳಿಗೆ ಪಂಚಮಿಯ ರಜೆ ಇಲ್ಲ. ಆಗಸ್ಟ್ 15 ಶನಿವಾರ ಭಾನುವಾರಕ್ಕೆ ತಾಗಿ ಬಂದ ವರ್ಷ ಇಬ್ಬರೂ ಸಂಸಾರ ಸಮೇತ ಬರುತ್ತಾರೆ. ಹಾಗಾಗಿ ನಾನು ಪಂಚಮಿಯ ಉಂಡಿಗಳನ್ನು ಸ್ವಾತಂತ್ರ್ಯ ದಿನಕ್ಕೆ ಕಟ್ಟಿಡುತ್ತೇನೆ. ಮೊಮ್ಮಕ್ಕಳು ಮುಂಜಾನೆ ಊರ ಶಾಲೆಯ ಧ್ವಜವಂದನೆಗೆ ಹೋಗಿ ಬಂದು ತೊಲೆಗೆ ಕಟ್ಟಿದ ಜೋಕಾಲಿ ಹತ್ತುತ್ತಾರೆ. ತವರಿಗೆ ಬರುವ ದಿನ ಹೀಗೆ ಬದಲಾದದ್ದರ ಬಗ್ಗೆ ನನಗೆ ದುಃಖವಿಲ್ಲ. 1947ರಲ್ಲಿ ಅವ್ವನಿಗೆ ಒಂದೇ ತವರಿನಲ್ಲಿ ಒದಗಿ ಬಂದ ಎರಡು ಹಬ್ಬ ನಮ್ಮ ಮನೆಯಲ್ಲಿ ಮತ್ತೆ ಕೂಡಿವೆ.

ಬಂದಾಗಲೆಲ್ಲ ಮಕ್ಕಳು ಒಂದೇ ಮಾತು ಎತ್ತುತ್ತಾರೆ. "ಅವ್ವಾ, ಒಬ್ಬಾಕೀನ ಎಷ್ಟು ದಿನ ಇಲ್ಲಿ? ನಮ್ಮ ಜೋಡಿ ಬಂದುಬಿಡು." ಅವರ ಕಾಳಜಿ ನಿಜವಾದದ್ದು. ಮೊಣಕಾಲು ನೋಯುತ್ತವೆ. ಮಾಳಿಗೆ ಏರಿ ಮಣ್ಣು ಸರಿಮಾಡಿಸಲು ಪ್ರತಿ ಮಳೆಗಾಲಕ್ಕೂ ಆಳು ಹುಡುಕಬೇಕು. ರಾತ್ರಿ ಕರೆಂಟು ಹೋದಾಗ ಗೋಡೆ ಹಿಡಿದು ನಡೆಯುತ್ತೇನೆ. ಆದರೂ ಇಲ್ಲಿ ನನ್ನನ್ನು ಹೆಸರು ಹಿಡಿದು ಮಾತಾಡಿಸುವವರಿದ್ದಾರೆ. ಹಾಲು ತರುವ ಹುಡುಗ ನನ್ನ ಶಿಷ್ಯನ ಮಗ. ಪಿಂಜಾರರ ಮನೆಯ ಮೊಮ್ಮಗಳು ಸಂಜೆ ಬಂದು ನನ್ನ ಗುಳಿಗೆ ಎಣಿಸಿಟ್ಟು ಹೋಗುತ್ತಾಳೆ. ವಯಸ್ಸಾದವರಿಗೆ ಮನೆ ಬೇಕಾಗುವುದು ಗೋಡೆಗಾಗಿ ಅಲ್ಲ. ತಮ್ಮ ಹಿಂದಿನದನ್ನು ಬಲ್ಲವರ ನಡುವೆ ದಿನ ಕಳೆಯುವುದಕ್ಕಾಗಿ. ಅವ್ವ ತೊಂಬತ್ತರ ಹತ್ತಿರ ಬದುಕಿ ಇದೇ ಪಡಸಾಲೆಯಲ್ಲಿ ಕಣ್ಣು ಮುಚ್ಚಿದಳು. ಕೊನೆಯ ದಿನಗಳಲ್ಲಿ ಊಟದ ಹೊತ್ತು ಮರೆಯುತ್ತಿದ್ದಳು, ಶಿಬಿರಕ್ಕೆ ರೊಟ್ಟಿ ಹೋಯಿತೇ ಎಂದು ಮಾತ್ರ ಕೇಳುತ್ತಿದ್ದಳು. ಆ ಪ್ರಶ್ನೆಗೆ ಹೌದು ಎನ್ನಲು ಹತ್ತಿರ ನಾನಿದ್ದೆ. ಬೇರೆ ಊರಿನ ಬಹುಮಹಡಿ ಮನೆಯಲ್ಲಿ ಆ ಪ್ರಶ್ನೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

2019ರಲ್ಲಿ ಸರಕಾರ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟಿತು. ಸೆಪ್ಟೆಂಬರ್ 17ಕ್ಕೆ ಮುಖ್ಯಮಂತ್ರಿಗಳು ಕಲಬುರಗಿಗೆ ಬಂದು ಬಾವುಟ ಏರಿಸುತ್ತಾರೆ. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಮಕ್ಕಳಿಗೆ ಕಾಲೇಜು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕಿದೆ. ಇವೆಲ್ಲ ಬೇಕಾದವೇ. ಆದರೆ ಆ ಹದಿಮೂರು ತಿಂಗಳು ಊರೂರಲ್ಲಿ, ಮನೆಮನೆಯಲ್ಲಿ ಹೇಗೆ ಕಳೆದವು ಎಂಬುದು ಸರಕಾರದ ಕಡತದಲ್ಲಿ ಸಿಗುವುದಿಲ್ಲ. ಅದು ಇರುವುದು ಮುದುಕಿಯರ, ಮುದುಕರ ಬಾಯಲ್ಲಿ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ.

ಆದ್ದರಿಂದ ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ, ಬೀದರ ಜಿಲ್ಲೆಗಳ ಮಕ್ಕಳಿಗೆ ನನ್ನದೊಂದು ಕೇಳಿಕೆ. ರಜೆಗೆ ಊರಿಗೆ ಬಂದಾಗ ಮನೆಯ ಹಿರಿಯರ ಪಕ್ಕ ಒಂದು ಸಂಜೆ ಕೂಡಿರಿ. ಆ ವರ್ಷ ನೀವು ಎಲ್ಲಿದ್ದಿರಿ, ಯಾರ ಮನೆಗೆ ಓಡಿದಿರಿ, ಯಾರು ನಿಮ್ಮನ್ನು ಕಾಯ್ದರು, ನೀವು ಯಾರನ್ನು ಕಾಯ್ದಿರಿ, ಯಾರನ್ನು ಕಾಯಲಾಗಲಿಲ್ಲ ಎಂದು ಕೇಳಿರಿ. ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಿರಿ. ನಿಮಗೆ ಒಗ್ಗದ ಮಾತನ್ನೂ ಬಿಡಬೇಡಿರಿ. ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ, ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ದೂಡಬೇಡಿರಿ.